ಕ್ಯಾನನ್ 70-200 ಎಫ್/4 ಐಎಸ್: ಆ ಎರಡಕ್ಷರಕ್ಕೆ ಜಾಸ್ತಿ ದುಡ್ಡು ಕೊಡಬೇಕಾ?

ಇದು 2006ರ ಜೂಮ್ ಲೆನ್ಸ್. ಐಎಸ್ ಅಂದರೆ ಇಮೇಜ್ ಸ್ಟೆಬಿಲೈಸರ್, ಕೈ ನಡುಗಿದರೂ ಚಿತ್ರ ಅಲುಗದಂತೆ ತಡೆಯುವ ವ್ಯವಸ್ಥೆ. ಸ್ಟೆಬಿಲೈಸೇಶನ್ ಇಲ್ಲದ ಇದರ ಅಣ್ಣ 1999ರಲ್ಲೇ ಬಂದಿತ್ತು. ಅದು 705 ಗ್ರಾಂ, ಇದು 760. ತೂಕದ ವ್ಯತ್ಯಾಸ ಕೈಗೆ ಗೊತ್ತಾಗುವುದಿಲ್ಲ, ಬೆಲೆಯದ್ದು ಜೇಬಿಗೆ ಚೆನ್ನಾಗಿ ಗೊತ್ತಾಗುತ್ತದೆ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾದಲ್ಲಿ ಇದನ್ನು ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಬೇಲೂರು ಚೆನ್ನಕೇಶವ ಗುಡಿಯ ಒಳಗೆ ಹೋಗಿ ನೋಡಿ. ನವರಂಗದ ನಡುಗಂಬಗಳ ಮೇಲೆ ನಾಲ್ವರು ಮದನಿಕೆಯರಿದ್ದಾರೆ. ಅಲ್ಲಿ ಹಗಲಲ್ಲೂ ಮಬ್ಬು. ಟ್ರೈಪಾಡ್ ಇಡಬೇಕೆಂದರೆ ಮೊದಲೇ ಅನುಮತಿ ಬೇಕು. ಕತ್ತೆತ್ತಿ, ಕೈಯಲ್ಲೇ ಹಿಡಿದು 200ಕ್ಕೆ ಜೂಮ್ ಮಾಡಿದರೆ ಮದನಿಕೆ ವ್ಯೂಫೈಂಡರ್‌ನಲ್ಲಿ ಓಲಾಡುತ್ತಾಳೆ. ಶಟರ್ ಬಟನ್ ಅರ್ಧ ಒತ್ತಿ. ಲೆನ್ಸ್ ಒಳಗಿಂದ ಸಣ್ಣಗೆ ಗುಂಯ್ ಅನ್ನುತ್ತದೆ, ಚಿತ್ರ ಒಂದು ಸಲ ಜಗ್ಗಿ ಗಕ್ಕನೆ ನಿಲ್ಲುತ್ತದೆ. ಅದು ನಿಂತ ಮೇಲೆ ಕ್ಲಿಕ್ಕಿಸಬೇಕು, ಆತುರಪಟ್ಟರೆ ಕೆಲಸ ಕೆಡುತ್ತದೆ.

ಲೆಕ್ಕ ಸುಲಭ. ಎಪಿಎಸ್-ಸಿಯಲ್ಲಿ 200 ಮಿ.ಮೀ. ಅಂದರೆ 320 ಇದ್ದ ಹಾಗೆ, ಕೈಯಲ್ಲಿ ಹಿಡಿದು ತೆಗೆಯಲು ಅದೇ ಅಂಕಿಯ ಶಟರ್ ವೇಗ, 1/320 ಸೆಕೆಂಡ್ ಬೇಕು. ಕಂಪನಿ ಹೇಳುವುದು ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ದುಪ್ಪಟ್ಟು) ಲಾಭ, ಅಂದರೆ 1/20. ನನ್ನ ಕೈ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. 1/40ರಲ್ಲಾದರೆ ಮದನಿಕೆಯ ಬಳೆಗಳ ಗೆರೆ ಕೂಡ ಚೊಕ್ಕವಾಗಿ ಬರುತ್ತದೆ. ಐಎಸ್ ಇಲ್ಲದಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಂಟು ಪಟ್ಟು ಏರಿಸಬೇಕಿತ್ತು. ಆಗ ಕಲ್ಲಿನ ನುಣುಪೆಲ್ಲ ಹೋಗಿ ಬರೀ ಕಾಳು ಕಾಳು.

ಕಲ್ಲು ಅಲುಗಾಡುವುದಿಲ್ಲ, ಅದಕ್ಕೇ ಇಷ್ಟು ಚೆಂದ. ಯಕ್ಷಗಾನಕ್ಕೆ ಇದೇ ಲೆನ್ಸ್ ತೆಗೆದುಕೊಂಡು ಹೋಗಿ, ನಿಮ್ಮ ಕೈನಡುಕ ನಿಲ್ಲುತ್ತದೆ, ವೇಷದ ದಿಗಿಣ (ಗಿರಗಿರನೆ ತಿರುಗುವ ಜಿಗಿತ) ನಿಲ್ಲುತ್ತದಾ? ಅಲ್ಲಿ ಬೇಕಾದ್ದು 1/500. ಐಎಸ್‌ಗೆ ಸುರಿಯುವ ದುಡ್ಡನ್ನು ಇನ್ನೂ ಅಗಲ ಬಾಯಿ ತೆರೆಯುವ ಹಳೇ ಎಫ್/2.8 ಲೆನ್ಸಿಗೆ ಹಾಕಿದರೆ ಒಂದು ಸ್ಟಾಪ್ ಬೆಳಕಾದರೂ ಸಿಗುತ್ತದೆ. ಬರೀ ಆಟ, ಮಕ್ಕಳ ಓಟ, ಹಾರುವ ಹಕ್ಕಿ ತೆಗೆಯುವವರು ಇದಕ್ಕೆ ಸುಮ್ನೆ ಖರ್ಚು ಮಾಡಬೇಡಿ.

ಕಂಬಳ ಮಾತ್ರ ಬೇರೆ. ಲೆನ್ಸ್ ಪಕ್ಕದ ಸ್ವಿಚ್ಚನ್ನು ಮೋಡ್ 2ಕ್ಕೆ ತಳ್ಳಿದರೆ ಮೇಲೆ-ಕೆಳಗಿನ ಅಲುಗಾಟವನ್ನಷ್ಟೇ ತಡೆಯುತ್ತದೆ, ಅಡ್ಡಕ್ಕೆ ತಿರುಗಿಸಲು ಬಿಡುತ್ತದೆ. 1/60 ಇಟ್ಟು ಕರೆಯ (ಕೋಣ ಓಡುವ ಕೆಸರಿನ ಜಾಡಿನ) ಉದ್ದಕ್ಕೂ ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸಿ. ಹಿಂದಿನ ಜನರೆಲ್ಲ ಬಣ್ಣದ ಗೆರೆಯಾಗುತ್ತಾರೆ, ಕೋಣದ ಕಣ್ಣು ಸ್ಪಷ್ಟ. ಹತ್ತರಲ್ಲಿ ಎಂಟು ಫೋಟೋ ಡಿಲೀಟ್ ಆಗುತ್ತವೆ, ಅದು ಬೇರೆ ಮಾತು!

ಬಾಡಿಯೊಳಗೇ ಸ್ಟೆಬಿಲೈಸೇಶನ್ ಇರುವ ಮಿರರ್‌ಲೆಸ್ ಇದೆಯಾ? ಹಾಗಾದರೆ ಐಎಸ್ ಇಲ್ಲದ ಹಳೇ ಲೆನ್ಸ್ ಕೊಂಡು ಒಂದು ಅಡಾಪ್ಟರ್ ಹಾಕಿದರೂ ನಡೆಯುತ್ತದೆ. ಗುಡಿ, ಕಂಬಳ ತೆಗೆಯುವ ಡಿಎಸ್ಎಲ್ಆರ್‌ನವರು ಐಎಸ್ ಇರುವುದನ್ನೇ ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಕ್ಯಾಮೆರಾಗೆ ಹಾಕಿ, 200ರಲ್ಲಿ ಎದುರಿನ ಬೋರ್ಡಿನ ಅಕ್ಷರ ನೋಡಿ. ಬಟನ್ ಅರ್ಧ ಒತ್ತಿದ ಮೇಲೂ ಅಕ್ಷರ ಕುಣಿಯುತ್ತಿದ್ದರೆ ವಾಪಸ್ ಕೊಟ್ಟು ಬನ್ನಿ.