ವರದಿ ಒಪ್ಪಿಸಿದ ಮೇಲೆ ಮರಳಿ ಬರುವುದೇನು? ಒಂದು ಮೌಲ್ಯಮಾಪನ ಮತ್ತು ಮಾನ್ಯತಾ ಕಚೇರಿಯ ಸೇವೆಯ ವಿಮರ್ಶೆ

ವಿಶ್ವವಿದ್ಯಾಲಯವೊಂದರ ಮೌಲ್ಯಮಾಪನ ಮತ್ತು ಮಾನ್ಯತಾ ಕಚೇರಿ ಹೇಗಿದೆ ಎಂದು ತಿಳಿಯಬೇಕಾದರೆ, ವಿಭಾಗವು ತನ್ನ ವಿದ್ಯಾರ್ಥಿಗಳ ಕಲಿಕೆಯ ಬಗೆಗಿನ ವಾರ್ಷಿಕ ವರದಿಯನ್ನು ಒಪ್ಪಿಸಿದ ಮೇಲೆ ಅಲ್ಲಿಂದ ಏನು ಮರಳಿ ಬರುತ್ತದೆ ಎಂಬುದನ್ನು ನೋಡಬೇಕು. ಸ್ವೀಕೃತಿಯ ಒಂದು ಸಾಲಿನ ಇಮೇಲ್ ಮಾತ್ರ ಬಂದರೆ ಆ ಕಚೇರಿ ಕಡತಗಳ ಉಗ್ರಾಣ. ವರದಿಯನ್ನು ಓದಿದವರು ಕೇಳಿದ ಪ್ರಶ್ನೆ ಬಂದರೆ ಅದು ಬೋಧನೆಗೆ ನೆರವಾಗುವ ಸೇವೆ. ನಾನು ಇಂಜಿನಿಯರಿಂಗ್ ಪದವಿಯೊಂದರ ಮೌಲ್ಯಮಾಪನ ಸಂಯೋಜಕನಾಗಿ ಮಾನ್ಯತೆಯ ಒಂದು ಇಡೀ ಆವರ್ತವನ್ನು, ಅಂದರೆ ಆರು ವರ್ಷಗಳನ್ನು, ಇಂಥ ಒಂದು ಕಚೇರಿಯೊಡನೆ ಕೆಲಸ ಮಾಡುತ್ತ ಕಳೆದಿದ್ದೇನೆ. ಅದು ವಿಭಾಗಗಳಿಗೆ ಒದಗಿಸುವ ಸೇವೆಯಲ್ಲಿ ಯಾವುದು ನಿಜವಾಗಿ ಉಪಯೋಗಕ್ಕೆ ಬಂತು, ಯಾವುದು ಹೊರೆಯಾಯಿತು ಎಂಬುದನ್ನು ಬಳಸಿದವನ ನೆಲೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಚೇರಿಯ ಕೆಲಸ ಸುಲಭವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮಾನ್ಯತೆ, ಅಂದರೆ ಹೊರಗಿನ ಸಂಸ್ಥೆಯೊಂದು ಗುಣಮಟ್ಟವನ್ನು ಪರಿಶೀಲಿಸಿ ಕೊಡುವ ಒಪ್ಪಿಗೆ, ಎರಡು ಸ್ತರಗಳಲ್ಲಿ ನಡೆಯುತ್ತದೆ: ಇಡೀ ಸಂಸ್ಥೆಗೆ ಸಿಗುವ ಮಾನ್ಯತೆ ಒಂದು, ಒಂದೊಂದು ಪದವಿಗೆ ಪ್ರತ್ಯೇಕವಾಗಿ ಸಿಗುವ ಮಾನ್ಯತೆ ಇನ್ನೊಂದು. ಇಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ನೀಡುವ ಎಬೆಟ್ ಸಂಸ್ಥೆಯ ಸಾಮಾನ್ಯ ಪರಿಶೀಲನೆ ಹೆಚ್ಚೆಂದರೆ ಆರು ವರ್ಷಗಳಿಗೊಮ್ಮೆ ಬರುತ್ತದೆ. ವಾಣಿಜ್ಯ ಮತ್ತು ನಿರ್ವಹಣಾ ಶಿಕ್ಷಣದಲ್ಲಿ 1916ರಿಂದ ಇರುವ ಮಾನ್ಯತಾ ಸಂಸ್ಥೆ ಎಎಸಿಎಸ್‌ಬಿಯ ಮರುಪರಿಶೀಲನೆ ಐದು ವರ್ಷಗಳಿಗೊಮ್ಮೆ ನಡೆಯುತ್ತದೆ. ಯುರೋಪಿನ ಉನ್ನತ ಶಿಕ್ಷಣದ ಗುಣಮಟ್ಟ ಮಾರ್ಗಸೂಚಿಗಳು 2005ರಲ್ಲಿ ಅಂಗೀಕಾರವಾಗಿ 2015ರಲ್ಲಿ ಪರಿಷ್ಕಾರಗೊಂಡವು. ಪ್ರತಿಯೊಂದಕ್ಕೂ ಅದರದೇ ಪದಕೋಶ, ಅದರದೇ ನಮೂನೆ, ಅದರದೇ ಕೊನೆಯ ದಿನಾಂಕ. ಇವೆಲ್ಲವೂ ಕೇಳುವ ಮುಖ್ಯ ಪ್ರಶ್ನೆ ಒಂದೇ ಆಗಿದ್ದರೂ (ವಿದ್ಯಾರ್ಥಿ ಏನು ಕಲಿಯಬೇಕೆಂದು ನೀವು ಹೇಳಿದ್ದೀರೋ ಅದನ್ನು ಕಲಿತಿದ್ದಾನೆಂದು ಹೇಗೆ ಬಲ್ಲಿರಿ?), ಅದೇ ಉತ್ತರವನ್ನು ಮೂರು ರೂಪಗಳಲ್ಲಿ ಬರೆಯುವ ಶ್ರಮ ವಿಭಾಗಗಳ ಮೇಲೆ ಬೀಳದಂತೆ ನೋಡಿಕೊಳ್ಳುವುದು ಒಳ್ಳೆಯ ಕಚೇರಿಯ ಮೊದಲ ಕರ್ತವ್ಯ. ಈ ಕಚೇರಿ ಅದನ್ನು ಮಾಡಿತು. ನಾವು ಒಂದೇ ವಾರ್ಷಿಕ ವರದಿ ಬರೆಯುತ್ತಿದ್ದೆವು. ಸಂಸ್ಥೆಯ ಮಾನ್ಯತೆಗೆ ಬೇಕಾದ ಭಾಗಗಳನ್ನು ಅದರಿಂದ ಆರಿಸಿಕೊಳ್ಳುವುದು ಅವರ ಕೆಲಸವಾಗಿತ್ತು.

ಮಾನದಂಡಗಳು ಬದಲಾದಾಗ ಇದರ ಬೆಲೆ ಇನ್ನಷ್ಟು ಗೊತ್ತಾಯಿತು. ಇಂಜಿನಿಯರಿಂಗ್ ಪದವಿಗಳಿಗೆ ಎಬೆಟ್ ನಿಗದಿಪಡಿಸಿದ್ದ ಹನ್ನೊಂದು ಕಲಿಕಾ ಫಲಗಳು (ಪದವಿ ಮುಗಿಸುವ ವಿದ್ಯಾರ್ಥಿಯಲ್ಲಿ ಇರಬೇಕಾದ ಸಾಮರ್ಥ್ಯಗಳು) 2019–20ರ ಪರಿಶೀಲನಾ ಆವರ್ತದಿಂದ ಏಳಕ್ಕೆ ಇಳಿದವು. ಹಳೆಯ ಪಟ್ಟಿಯಲ್ಲಿ ಜೀವನಪರ್ಯಂತ ಕಲಿಕೆಯ ಅಗತ್ಯವನ್ನು ವಿದ್ಯಾರ್ಥಿ ಗುರುತಿಸಬೇಕು, ಅದರಲ್ಲಿ ತೊಡಗುವ ಸಾಮರ್ಥ್ಯ ಪಡೆಯಬೇಕು ಎಂಬ ಫಲವೊಂದಿತ್ತು. ಅಗತ್ಯವನ್ನು ಗುರುತಿಸಿದ್ದಾನೋ ಇಲ್ಲವೋ ಎಂಬುದನ್ನು ಯಾವ ಉತ್ತರ ಪತ್ರಿಕೆಯಿಂದ ಅಳೆಯುವುದು? ನಾವು ವರ್ಷಗಟ್ಟಲೆ ಕೊನೆಯ ವರ್ಷದವರಿಗೆ ಪ್ರಶ್ನಾವಳಿ ಕೊಟ್ಟು, ಅವರು ಹೌದೆಂದು ಗುರುತು ಹಾಕಿದ್ದನ್ನೇ ಪುರಾವೆ ಎಂದು ಬರೆಯುತ್ತಿದ್ದೆವು. ಹೊಸ ಪಟ್ಟಿಯ ಏಳನೆಯ ಫಲವು ಅಗತ್ಯ ಬಿದ್ದಾಗ ಹೊಸ ಜ್ಞಾನವನ್ನು ಸೂಕ್ತ ಕಲಿಕಾ ತಂತ್ರಗಳಿಂದ ಗಳಿಸಿ ಅನ್ವಯಿಸುವ ಸಾಮರ್ಥ್ಯವನ್ನು ಕೇಳುತ್ತದೆ. ತರಗತಿಯಲ್ಲಿ ಕಲಿಸದ ಒಂದು ವಿಷಯವನ್ನು ಪ್ರಾಜೆಕ್ಟ್‌ಗಾಗಿ ತಾನೇ ಓದಿ ಬಳಸಿದ್ದನ್ನು ವಿದ್ಯಾರ್ಥಿಯ ಪ್ರಾಜೆಕ್ಟ್ ವರದಿಯಲ್ಲೇ ನೋಡಬಹುದು. ಕಚೇರಿಯವರು ಹಳೆಯ ಹನ್ನೊಂದನ್ನು ಹೊಸ ಏಳಕ್ಕೆ ಜೋಡಿಸುವ ಕೋಷ್ಟಕವನ್ನು ನಮ್ಮ ವಿಷಯಗಳ ಮಟ್ಟದವರೆಗೆ ಸಿದ್ಧಪಡಿಸಿದ್ದಲ್ಲದೆ, ಹಳೆಯ ಪುರಾವೆಗಳಲ್ಲಿ ಯಾವುದನ್ನು ಮುಂದಕ್ಕೆ ಒಯ್ಯಬಹುದು, ಯಾವುದನ್ನು ಅಲ್ಲಿಗೇ ಬಿಡಬೇಕು ಎಂದು ನಮ್ಮೊಡನೆ ಕುಳಿತು ನಿರ್ಧರಿಸಿದರು. ಆ ಪ್ರಶ್ನಾವಳಿಯನ್ನು ನಾವು ಬಿಟ್ಟೆವು.

ಅವರ ಸೇವೆಯಲ್ಲಿ ನಾನು ಅತ್ಯಂತ ಹೆಚ್ಚು ಬೆಲೆ ಕೊಡುವುದು ರೂಬ್ರಿಕ್ ಹೊಂದಾಣಿಕೆಯ ಬೈಠಕ್ಕಿಗೆ. ರೂಬ್ರಿಕ್ ಎಂದರೆ ವಿದ್ಯಾರ್ಥಿಯ ಕೃತಿಯ ಒಂದೊಂದು ಗುಣಕ್ಕೂ ಯಾವ ಹಂತದಲ್ಲಿ ಏನಿರಬೇಕೆಂದು ಬರೆದಿಟ್ಟ ಕೋಷ್ಟಕ. ಇದರ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ವಿಷಯವೊಂದರಲ್ಲಿ ವಿದ್ಯಾರ್ಥಿ ಪಡೆದ ಗ್ರೇಡ್ ಪದವಿಯ ಕಲಿಕಾ ಫಲಕ್ಕೆ ಪುರಾವೆಯಾಗುವುದಿಲ್ಲ ಎಂಬುದು ಹೊಸ ಅಧ್ಯಾಪಕರಿಗೆ ಒಪ್ಪಿಸಲು ಕಷ್ಟವಾಗುವ ಮಾತು. ಆದರೆ ಒಂದು ಗ್ರೇಡಿನೊಳಗೆ ಹಾಜರಾತಿ, ಮನೆಗೆಲಸ, ಕಿರುಪರೀಕ್ಷೆ, ಅಂತಿಮ ಪರೀಕ್ಷೆ ಎಲ್ಲವೂ ಕಲಸಿಹೋಗಿರುತ್ತವೆ. ಲೆಕ್ಕದಲ್ಲಿ ಗಟ್ಟಿಯಿದ್ದು ಬರವಣಿಗೆಯಲ್ಲಿ ಸೋತವನಿಗೂ, ಬರವಣಿಗೆಯಲ್ಲಿ ಗೆದ್ದು ಲೆಕ್ಕದಲ್ಲಿ ಎಡವಿದವನಿಗೂ ಒಂದೇ ಅಕ್ಷರ ಸಿಗಬಹುದು. ಆದ್ದರಿಂದ ವಿದ್ಯಾರ್ಥಿಯ ಕೃತಿಯನ್ನೇ ಒಂದು ಫಲದ ಕಣ್ಣಿನಿಂದ ಮತ್ತೊಮ್ಮೆ ಓದಬೇಕಾಗುತ್ತದೆ. ಅದಕ್ಕೆ ರೂಬ್ರಿಕ್ ಬೇಕು, ಮತ್ತು ಓದುವವರೆಲ್ಲರೂ ಆ ರೂಬ್ರಿಕ್‌ನ ಪದಗಳನ್ನು ಒಂದೇ ಅರ್ಥದಲ್ಲಿ ಹಿಡಿಯಬೇಕು.

ನಮ್ಮ ಮೊದಲ ಬೈಠಕ್ಕಿನಲ್ಲಿ ಆರು ಅಧ್ಯಾಪಕರು ಒಂದೇ ಪ್ರಾಜೆಕ್ಟ್ ವರದಿಯನ್ನು ಓದಿ, ಪರಸ್ಪರ ಮಾತಾಡದೆ, ನಾಲ್ಕು ಹಂತಗಳ ರೂಬ್ರಿಕ್‌ನಲ್ಲಿ ಅಂಕ ಹಾಕಿದೆವು. 'ಆಧಾರ ಮತ್ತು ತರ್ಕ' ಎಂಬ ಸಾಲಿನಲ್ಲಿ ಒಬ್ಬರು ಒಂದು ಕೊಟ್ಟಿದ್ದರು, ಇನ್ನೊಬ್ಬರು ನಾಲ್ಕು. ಚರ್ಚೆಯಲ್ಲಿ ಕಾರಣ ಹೊರಬಿತ್ತು: ಒಬ್ಬರು ಭಾಷೆಯ ತಪ್ಪುಗಳಿಗಾಗಿ ಅಂಕ ಕಳೆದಿದ್ದರು, ಮತ್ತೊಬ್ಬರು ವಿದ್ಯಾರ್ಥಿ ಪಟ್ಟ ಶ್ರಮವನ್ನು ಮೆಚ್ಚಿ ಅಂಕ ಏರಿಸಿದ್ದರು. ರೂಬ್ರಿಕ್‌ನಲ್ಲಿದ್ದ 'ಸಮರ್ಪಕ ಆಧಾರ' ಎಂಬ ಪದಗಳು ಇಬ್ಬರಿಗೂ ಅವಕಾಶ ಮಾಡಿಕೊಟ್ಟಿದ್ದವು. ಕಚೇರಿಯಿಂದ ಬಂದಿದ್ದವರು ತಾವಾಗಿ ತೀರ್ಪು ಕೊಡಲಿಲ್ಲ. ಆ ಸಾಲನ್ನು ನಮ್ಮಿಂದಲೇ ತಿದ್ದಿಸಿದರು. 'ಪ್ರತಿಯೊಂದು ವಿನ್ಯಾಸ ನಿರ್ಣಯಕ್ಕೂ ಅಳತೆಯ ಅಥವಾ ಲೆಕ್ಕದ ಆಧಾರ ತೋರಿಸಲಾಗಿದೆ' ಎಂದು ಬರೆದ ಮೇಲೆ ಎರಡನೆಯ ವರದಿಗೆ ಬಿದ್ದ ಅಂಕಗಳೆಲ್ಲ ಒಂದು ಹಂತದ ಅಂತರದೊಳಗೆ ಬಂದವು. ಅಲ್ಲಿಂದ ಮುಂದೆ ಪ್ರತಿ ವರದಿಯನ್ನೂ ಇಬ್ಬರು ಓದುವುದು, ಎರಡು ಹಂತ ಅಥವಾ ಅದಕ್ಕೂ ಹೆಚ್ಚು ಅಂತರ ಬಿದ್ದರೆ ಮೂರನೆಯವರು ಓದುವುದು ಎಂಬ ಕ್ರಮ ನಿಂತಿತು. ಇಬ್ಬರ ಅಂಕಗಳು ಆಕಸ್ಮಿಕವಾಗಿ ಹೊಂದುವ ಸಾಧ್ಯತೆಯನ್ನು ಕಳೆದು ಉಳಿದ ಸಹಮತವನ್ನು ಅಳೆಯುವ, 1960ರಲ್ಲಿ ಕೊಹೆನ್ ರೂಪಿಸಿದ ಕಪ್ಪಾ ಸೂಚ್ಯಂಕವನ್ನು ಅವರೇ ಲೆಕ್ಕಹಾಕಿ ಕೊಟ್ಟರು. ಬರೀ ಶೇಕಡಾವಾರು ಹೊಂದಾಣಿಕೆ ಏಕೆ ಸಾಲದು ಎಂಬುದನ್ನು ಅಂಕಿಅಂಶ ಶಾಸ್ತ್ರ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಹೇಳಿದರು. ನನ್ನ ವೃತ್ತಿಜೀವನದಲ್ಲಿ ಸಹೋದ್ಯೋಗಿಗಳೊಡನೆ ಬೋಧನೆಯ ಬಗ್ಗೆ ನಡೆಸಿದ ಅತ್ಯಂತ ಪ್ರಾಮಾಣಿಕ ಚರ್ಚೆಗಳಲ್ಲಿ ಆ ಮಧ್ಯಾಹ್ನದ ಚರ್ಚೆಯೂ ಒಂದು.

ಆ ಓದಿನಿಂದ ಹೊರಬಂದ ಸಂಗತಿ ಇದು: ನಮ್ಮ ವಿದ್ಯಾರ್ಥಿಗಳು ಇಂಜಿನಿಯರುಗಳಿಗೆ ಚೆನ್ನಾಗಿ ವಿವರಿಸಬಲ್ಲರು, ಆದರೆ ಪರಿಣತರಲ್ಲದ ಓದುಗರಿಗಾಗಿ ಬರೆದ ಸಾರಾಂಶ ಸೋಲುತ್ತಿತ್ತು. ಯಾವ ಕೌಶಲವನ್ನು ಯಾವ ವರ್ಷದಲ್ಲಿ ಕಲಿಸುತ್ತೇವೆಂದು ತೋರಿಸುವ ಪಠ್ಯಕ್ರಮದ ನಕ್ಷೆಯನ್ನು ತೆಗೆದು ನೋಡಿದರೆ ಈ ಕೌಶಲದ ಪರಿಚಯ ಮೊದಲ ವರ್ಷದಲ್ಲಿತ್ತು, ಪ್ರಾವೀಣ್ಯದ ನಿರೀಕ್ಷೆ ಕೊನೆಯ ವರ್ಷದಲ್ಲಿತ್ತು, ನಡುವೆ ಅಭ್ಯಾಸವೇ ಇರಲಿಲ್ಲ. ಮೂರನೆಯ ವರ್ಷದ ಪ್ರಯೋಗಾಲಯದ ವಿಷಯದಲ್ಲಿ ಒಂದು ಪುಟದ ಬರವಣಿಗೆಯನ್ನು ಸೇರಿಸಿದೆವು. ಎರಡು ವರ್ಷಗಳ ಬಳಿಕ ಮತ್ತೆ ಓದಿದಾಗ ಅಂಕಗಳು ತುಸು ಮೇಲೇರಿದ್ದವು. ನಾನು ಅದನ್ನು ಯಶಸ್ಸು ಎಂದು ವರದಿಯಲ್ಲಿ ಬರೆದಾಗ, ವಿದ್ಯಾರ್ಥಿಗಳ ತಂಡ ಬೇರೆಯಾಗಿರುವುದರಿಂದ ಈ ಏರಿಕೆ ಹೊಸ ಬರವಣಿಗೆಯಿಂದಲೇ ಬಂದಿತೆಂದು ಹೇಳಲು ಇನ್ನೊಂದು ಆವರ್ತದ ಪುರಾವೆ ಬೇಕು ಎಂದು ಕಚೇರಿ ತಿದ್ದಿತು. ಹೊರಗಿನವರ ಮುಂದೆ ಹೊಳೆಯಬೇಕಾದ ವಾಕ್ಯವನ್ನು ಸತ್ಯಕ್ಕಾಗಿ ಮೊಟಕು ಮಾಡಿದ ಆ ತಿದ್ದುಪಡಿಯಿಂದ ಅವರ ಮೇಲಿನ ನನ್ನ ಗೌರವ ಹೆಚ್ಚಾಯಿತು.

ವಾರ್ಷಿಕ ವರದಿಗೆ ಅವರು ಬರೆಯುವ ಉತ್ತರಗಳೂ ಇದೇ ಗುಣದವು. ಒಮ್ಮೆ ನಾವು 'ಶೇ. 70 ವಿದ್ಯಾರ್ಥಿಗಳು ಮೂರನೆಯ ಹಂತವನ್ನು ಮುಟ್ಟಬೇಕು' ಎಂದು ಗುರಿ ಬರೆದಿದ್ದೆವು. '70 ಏಕೆ? ಉಳಿದ ಶೇ. 30 ಜನರ ಬಗ್ಗೆ ವಿಭಾಗದ ನಿಲುವೇನು?' ಎಂಬ ಪ್ರಶ್ನೆ ಬಂತು. ನಮ್ಮಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಆ ಸಂಖ್ಯೆಯನ್ನು ಹಿಂದಿನ ಸಂಯೋಜಕರ ವರದಿಯಿಂದ ನಕಲು ಮಾಡಿಕೊಂಡಿದ್ದೆವು. ಇನ್ನೊಮ್ಮೆ ಸರಾಸರಿಯನ್ನು ಮಾತ್ರ ಕೊಟ್ಟಾಗ ಪ್ರತಿ ಹಂತದಲ್ಲಿ ಎಷ್ಟು ಜನರಿದ್ದಾರೆಂದು ಕೇಳಿದರು. ನಾಲ್ಕಕ್ಕೆ ಮೂರರ ಸರಾಸರಿಯ ಕೆಳಗೆ ಒಂದನೆಯ ಹಂತದಲ್ಲೇ ಉಳಿದ ಗುಂಪೊಂದು ಅಡಗಿತ್ತು.

ಇಷ್ಟು ಒಳ್ಳೆಯ ಓದುಗರಿರುವ ಕಚೇರಿಗೆ ಅಷ್ಟೇ ಕೆಟ್ಟ ತಂತ್ರಾಂಶ ಏಕಿದೆ ಎಂಬುದು ನನಗೆ ಅರ್ಥವಾಗಿಲ್ಲ. ವರದಿಗಳನ್ನು ತುಂಬಿಸುವ ಆ ವ್ಯವಸ್ಥೆಯಲ್ಲಿ ಪ್ರತಿ ವಿಷಯವನ್ನು ಪ್ರತಿ ಫಲಕ್ಕೆ ಒಂದು, ಎರಡು ಅಥವಾ ಮೂರರ ತೂಕದಿಂದ ಜೋಡಿಸಬೇಕು. ಆಮೇಲೆ ಅದು ಆ ತೂಕಗಳನ್ನು ಪರೀಕ್ಷಾ ಅಂಕಗಳಿಂದ ಗುಣಿಸಿ, ಫಲ ಎಷ್ಟು ಈಡೇರಿದೆ ಎಂಬುದನ್ನು 2.37 ಎಂಬಂಥ ಸಂಖ್ಯೆಯಾಗಿ ತೋರಿಸುತ್ತದೆ. ಮೂಲದ ತೂಕಗಳು ಅಧ್ಯಾಪಕರ ಅಂದಾಜು. ಅಂದಾಜನ್ನು ಎಷ್ಟು ಬಾರಿ ಗುಣಿಸಿದರೂ ಅದು ಅಳತೆಯಾಗುವುದಿಲ್ಲ, ದಶಾಂಶದ ಎರಡು ಸ್ಥಾನಗಳು ಅದಕ್ಕೆ ಇಲ್ಲದ ನಿಖರತೆಯ ವೇಷ ಹಾಕುತ್ತವೆ. ಬೈಠಕ್ಕಿನಲ್ಲಿ ನಾವು ಕಲಿತದ್ದಕ್ಕೂ ಗ್ರೇಡಿನ ಬಗ್ಗೆ ಕಚೇರಿಯೇ ಹೇಳುವುದಕ್ಕೂ ಇದು ನೇರ ವಿರುದ್ಧ.

ಇದಕ್ಕಿಂತ ಗಂಭೀರ ದೋಷ ಇನ್ನೊಂದಿದೆ. 'ಗುರಿ ತಲುಪಿಲ್ಲ' ಎಂದು ಗುರುತು ಹಾಕಿದ ಕೂಡಲೇ ತಂತ್ರಾಂಶ ಕ್ರಿಯಾ ಯೋಜನೆ, ಜವಾಬ್ದಾರಿ ಹೊತ್ತವರ ಹೆಸರು, ಕೊನೆಯ ದಿನಾಂಕ ಇವುಗಳನ್ನು ಕೇಳುತ್ತದೆ, ಅವನ್ನು ತುಂಬದೆ ವರದಿ ಸಲ್ಲಿಕೆಯಾಗುವುದಿಲ್ಲ. 'ತಲುಪಿದೆ' ಎಂದರೆ ಏನೂ ಕೇಳದೆ ಮುಂದಿನ ಪುಟಕ್ಕೆ ಬಿಡುತ್ತದೆ. ಕೆಲಸದ ಒತ್ತಡದಲ್ಲಿರುವ ವಿಭಾಗ ಇದರಿಂದ ಕಲಿಯುವುದು ಗುರಿಯನ್ನು ಕೆಳಗಿಡುವುದನ್ನು. ಪ್ರಾಮಾಣಿಕವಾಗಿ ಬರೆದವರಿಗೆ ಹೆಚ್ಚು ಕೆಲಸ, ಮರೆಮಾಚಿದವರಿಗೆ ಬಿಡುಗಡೆ ಎಂಬ ಈ ವಿನ್ಯಾಸ ಮೌಲ್ಯಮಾಪನದ ಬೇರನ್ನೇ ಕಡಿಯುತ್ತದೆ. ಕಚೇರಿಯವರೊಡನೆ ಇದನ್ನು ಎರಡು ಬಾರಿ ಪ್ರಸ್ತಾಪಿಸಿದ್ದೇನೆ, ಅವರು ಒಪ್ಪಿಯೂ ಇದ್ದಾರೆ, ಆದರೆ ನಮೂನೆ ಹಾಗೆಯೇ ಉಳಿದಿದೆ. ವರದಿಯ ಕೊನೆಯ ದಿನಾಂಕ ಉತ್ತರ ಪತ್ರಿಕೆ ತಿದ್ದುವ ವಾರದಲ್ಲೇ ಬರುತ್ತದೆ ಎಂಬುದು ಇದರ ಮುಂದೆ ಸಣ್ಣ ದೂರು.

ಪರಿಶೀಲನಾ ತಂಡದ ಭೇಟಿಗೆ ಮುನ್ನ ಅವರು ಏರ್ಪಡಿಸಿದ ಅಣಕು ಭೇಟಿ ಉಪಯುಕ್ತವಾಗಿತ್ತು. ಬೇರೆ ಸಂಸ್ಥೆಯ, ಪರಿಶೀಲಕರಾಗಿ ಅನುಭವವಿದ್ದ ಪ್ರಾಧ್ಯಾಪಕರೊಬ್ಬರು ಬಂದು, ವಿದ್ಯಾರ್ಥಿಗಳನ್ನು ನಮ್ಮ ಗೈರುಹಾಜರಿಯಲ್ಲಿ ಮಾತಾಡಿಸಿ, ಸಂಜೆ ನಮ್ಮ ಮುಂದೆ ಮೂರು ಹಾಳೆಗಳನ್ನಿಟ್ಟರು. ಪದವಿಯ ಶೈಕ್ಷಣಿಕ ಗುರಿಗಳು ಜಾಲತಾಣದಲ್ಲಿ ಒಂದು ರೂಪದಲ್ಲಿದ್ದವು, ವಿವರಣ ಪುಸ್ತಿಕೆಯಲ್ಲಿ ಇನ್ನೊಂದು, ನಮ್ಮ ಸ್ವ-ಮೌಲ್ಯಮಾಪನ ವರದಿಯಲ್ಲಿ ಮತ್ತೊಂದು. ಈ ಗುರಿಗಳು ಸಾರ್ವಜನಿಕವಾಗಿ ಪ್ರಕಟವಾಗಿರಬೇಕೆಂಬುದು ನಿಯಮ. ಮೂರು ರೂಪಗಳಿದ್ದರೆ ಯಾವುದು ನಮ್ಮ ಗುರಿ ಎಂಬುದೇ ಪ್ರಶ್ನೆಯಾಗುತ್ತದೆ. ನಾವು ನೂರಾರು ಪುಟಗಳ ದಾಖಲೆಯನ್ನು ಕಟ್ಟಿಡುವ ಆತುರದಲ್ಲಿ ಇದನ್ನು ಕಂಡಿರಲಿಲ್ಲ, ಕಚೇರಿಯೂ ಕಂಡಿರಲಿಲ್ಲ. ನಿಜವಾದ ಭೇಟಿಯ ಹೊತ್ತಿಗೆ ಅವು ಒಂದಾಗಿದ್ದವು.

ಸೇವೆ ಎಲ್ಲ ವಿಭಾಗಗಳಿಗೂ ಸಮನಾಗಿ ತಲುಪುತ್ತಿಲ್ಲ ಎಂಬುದನ್ನು ಬರೆಯದಿದ್ದರೆ ಈ ವಿಮರ್ಶೆ ಅಪೂರ್ಣ. ಹೊರಗಿನ ಪರಿಶೀಲನಾ ತಂಡ ಬರುವ ಇಂಜಿನಿಯರಿಂಗ್, ನರ್ಸಿಂಗ್, ನಿರ್ವಹಣಾ ವಿಭಾಗಗಳಿಗೆ ಅವರ ಸಮಯ ಸಿಗುತ್ತದೆ. ತತ್ತ್ವಶಾಸ್ತ್ರದಂಥ, ಪದವಿ ಮಟ್ಟದ ಪ್ರತ್ಯೇಕ ಮಾನ್ಯತೆ ಇಲ್ಲದ ವಿಭಾಗಗಳಿಗೆ ನಮೂನೆ ಮಾತ್ರ ಸಿಗುತ್ತದೆ. ಆ ವಿಭಾಗದ ಸಹೋದ್ಯೋಗಿಯೊಬ್ಬರು ತಮ್ಮ ವರದಿಯನ್ನು ನನಗೆ ತೋರಿಸಿದರು. ಆ ವರ್ಷ ಪದವಿ ಮುಗಿಸಿದವರು ಏಳು ಮಂದಿ. ಒಬ್ಬ ವಿದ್ಯಾರ್ಥಿ ಆಚೀಚೆಯಾದರೆ ಶೇಕಡಾವಾರು ಹದಿನಾಲ್ಕರಷ್ಟು ಅಲುಗುವ ಆ ತರಗತಿಗೆ ತಂತ್ರಾಂಶ ಗುರಿಯನ್ನು ಶೇಕಡಾವಾರಿನಲ್ಲೇ ಕೇಳುತ್ತಿತ್ತು. ಅವರು ಏಳೂ ಪ್ರಬಂಧಗಳನ್ನು ಓದಿ, ವಾದವನ್ನು ಕಟ್ಟುವುದರಲ್ಲಿ ಪ್ರತಿಯೊಬ್ಬರೂ ಎಲ್ಲಿ ತಡವರಿಸಿದ್ದಾರೆಂದು ಎರಡು ಪುಟಗಳಲ್ಲಿ ವಿವರಿಸಿದ್ದರು. ಅದನ್ನು ಹಾಕಲು ನಮೂನೆಯಲ್ಲಿ ಜಾಗವಿರಲಿಲ್ಲ. ಕಲಿಕೆಯ ಬಗ್ಗೆ ನಾನು ಓದಿದ ಅತ್ಯುತ್ತಮ ಪುರಾವೆಗಳಲ್ಲಿ ಒಂದು ಹೀಗೆ ದಾಖಲೆಯಿಂದ ಹೊರಗೆ ಉಳಿಯಿತು. ಅರೆಕಾಲಿಕ ಅಧ್ಯಾಪಕರನ್ನು ಬೈಠಕ್ಕಿಗೆ ಕರೆಯದಿರುವುದೂ ಇದೇ ಬಗೆಯ ಲೋಪ: ಮೊದಲ ವರ್ಷದ ವಿಷಯಗಳನ್ನು ಬಹುಪಾಲು ಕಲಿಸುವವರು ಅವರೇ.

ಈ ಕಚೇರಿಯ ಸೇವೆ ಪಡೆಯಲಿರುವ ಹೊಸ ಸಂಯೋಜಕರಿಗೆ ನಾನು ಹೇಳುವುದಿಷ್ಟು. ರೂಬ್ರಿಕ್ ಬೈಠಕ್ಕಿಗೆ ಮೊದಲ ವರ್ಷವೇ ಕೋರಿಕೆ ಸಲ್ಲಿಸಿ. ಪರಿಶೀಲನೆಯ ಹಿಂದಿನ ವರ್ಷದವರೆಗೆ ಕಾಯಬೇಡಿ. ಎಲ್ಲ ಫಲಗಳನ್ನೂ ಪ್ರತಿ ವರ್ಷ ಅಳೆಯಲು ಹೊರಡಬೇಡಿ. ವರ್ಷಕ್ಕೆ ಎರಡನ್ನು ಸರಿಯಾಗಿ ಓದಿದರೆ ಆವರ್ತ ಮುಗಿಯುವುದರೊಳಗೆ ಏಳೂ ಆಗುತ್ತವೆ, ಸೋತದ್ದನ್ನು ಮತ್ತೆ ನೋಡಲು ಸಮಯವೂ ಉಳಿಯುತ್ತದೆ. ತಂತ್ರಾಂಶಕ್ಕೆ ತುಂಬಿಸಿದ ಪ್ರತಿಯೊಂದು ವರದಿಯ ಪ್ರತಿಯನ್ನು ಮತ್ತು ಅಂಕಗಳ ಮೂಲ ಹಾಳೆಯನ್ನು ವಿಭಾಗದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಹಳೆಯ ವರ್ಷಗಳ ಮಾಹಿತಿಯನ್ನು ಅದರಿಂದ ಹೊರತೆಗೆಯುವುದು ನಮಗೆ ವಾರಗಳ ಕೆಲಸವಾಯಿತು.

ಸಣ್ಣ ವಿಭಾಗಗಳಿಗೆ ಶೇಕಡಾವಾರಿನ ಬದಲು ಬರಹದ ವಿಶ್ಲೇಷಣೆಯನ್ನು ಒಪ್ಪಿಸುವ ಪರ್ಯಾಯ ನಮೂನೆ ಬೇಕೆಂದು ತತ್ತ್ವಶಾಸ್ತ್ರದ ಸಹೋದ್ಯೋಗಿಯೂ ನಾನೂ ಸೇರಿ ಬರೆದ ಪತ್ರ ಕಚೇರಿಯ ಮುಂದಿದೆ. ಅದರೊಡನೆ ಆ ಎರಡು ಪುಟಗಳನ್ನೂ ಲಗತ್ತಿಸಿದ್ದೇವೆ.