ಹ್ಲುಹ್ಲುವೆ–ಇಂಫೊಲೊಜಿಯಲ್ಲಿ ಕಾಡುನಾಯಿ ಹುಡುಕುವ ಕೆಲಸ: ಎರಡು ವಾರ ಸಾಲದು

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹ್ಲುಹ್ಲುವೆ–ಇಂಫೊಲೊಜಿ ಕಾಡಿನಲ್ಲಿ ವೈಲ್ಡ್‌ಲೈಫ್ ಆ್ಯಕ್ಟ್ ಸಂಸ್ಥೆ ನಡೆಸುವ, ದುಡ್ಡು ಕೊಟ್ಟು ಸೇರಿ ಪ್ರಾಣಿಗಳ ಜಾಡು ಹಿಡಿಯುವ ಸ್ವಯಂಸೇವಕ ಯೋಜನೆಗೆ ಸಫಾರಿ ಅಂದುಕೊಂಡು ಹೋದವರಿಗೆ ಮೂರನೇ ದಿನಕ್ಕೇ ಬೇಸರ ಬರುತ್ತದೆ. ಕೆಲಸ ಅಂದುಕೊಂಡು ಹೋದರೆ ಕೊಟ್ಟ ದುಡ್ಡು ದಂಡವಲ್ಲ. ಒಂದು ಕ್ಯಾಂಪಿಗೆ ಹೆಚ್ಚೆಂದರೆ ಐದು ಜನ. ಬೆಳಕು ಹರಿಯುವ ಮೊದಲೊಂದು ಸುತ್ತು, ಇಳಿಹೊತ್ತಿಗೆ ಇನ್ನೊಂದು. ನಡುವೆ ದಾಖಲೆ ಬರೆಯುವುದು, ಸರದಿ ಅಡುಗೆ, ಸಿಕ್ಕಷ್ಟು ನಿದ್ದೆ. ಸಸ್ಯಾಹಾರಿಗಳು ಒಂದೆರಡು ಪೊಟ್ಟಣ ಸಾರಿನ ಪುಡಿ ಒಯ್ದರೆ ಬದುಕು ಹಗುರ.

ಹ್ಲುಹ್ಲುವೆ–ಇಂಫೊಲೊಜಿ ಸುಮಾರು 960 ಚದರ ಕಿ.ಮೀ. ಕಾಡು, ರಕ್ಷಣೆ ಸಿಕ್ಕಿದ್ದು 1895ರಲ್ಲಿ. ಹೆಸರುವಾಸಿಯಾದದ್ದು ಬಿಳಿ ಘೇಂಡಾಮೃಗದಿಂದ. ಸ್ವಯಂಸೇವಕರ ಹೆಚ್ಚಿನ ಹೊತ್ತು ಹೋಗುವುದು ಆಫ್ರಿಕಾದ ಕಾಡುನಾಯಿಯ ಹಿಂದೆ. ಇದು ನಮ್ಮ ನಾಗರಹೊಳೆಯ ಸೀಳುನಾಯಿಯಲ್ಲ. ಮೈತುಂಬ ಕಪ್ಪು, ಹಳದಿ, ಬಿಳಿ ಮಚ್ಚೆ, ಒಂದರದ್ದು ಇನ್ನೊಂದಕ್ಕಿಲ್ಲ. ಹಾಗಾಗಿ ಗುರುತಿಗೆ ಎಡ, ಬಲ ಎರಡೂ ಮಗ್ಗುಲಿನ ಫೋಟೋ ಬೇಕು. ಮುಖದ ಚೆಂದದ ಫೋಟೋ ಸ್ಟೇಟಸ್ಸಿಗಾದೀತು, ದಾಖಲೆಗಾಗದು.

ಗುಂಪಿನಲ್ಲಿ ಒಂದೆರಡಕ್ಕೆ ಮಾತ್ರ ರೇಡಿಯೊ ಕಾಲರ್, ಅಂದರೆ ಸಂಕೇತ ಬಿಡುವ ಕೊರಳಪಟ್ಟಿ ಇರುತ್ತದೆ. ಎತ್ತರದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಆಂಟೆನಾ ಎತ್ತಿ ಹಿಡಿದು ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಬೇಕು. ಟಿಕ್ ಟಿಕ್ ಕೇಳಿದ ಕೂಡಲೇ ಅತ್ತ ಕೈ ತೋರಿಸುವುದು ಹೊಸಬರ ತಪ್ಪು. ಆಂಟೆನಾದ ಬೆನ್ನ ಕಡೆಯಿಂದಲೂ ಸದ್ದು ಬರುತ್ತದೆ. ಸಂಕೇತದ ಸದ್ದು ಏರಿಳಿಸುವ ಗೇನ್ ತಿರುಪನ್ನು, ಸದ್ದು ಇನ್ನೇನು ಅಡಗಿತು ಅನ್ನುವವರೆಗೆ ಇಳಿಸಿದರಷ್ಟೇ ನಿಜವಾದ ದಿಕ್ಕು ಗೊತ್ತಾಗುವುದು. ಗುಡ್ಡಕ್ಕೆ ಬಡಿದು ಮರಳಿದ ಸಂಕೇತ ಇನ್ನೂ ದಾರಿ ತಪ್ಪಿಸುತ್ತದೆ. ಅದಕ್ಕೇ ಎರಡು ಮೂರು ಜಾಗಗಳಿಂದ ದಿಕ್ಕು ಹಿಡಿದು, ನಕ್ಷೆಯ ಮೇಲೆ ಗೆರೆ ಎಳೆದು, ಅವು ಕೂಡುವಲ್ಲಿ ಹುಡುಕುವುದು. ಗೆರೆಗಳ ನಡುವಿನ ಕೋನ 90 ಡಿಗ್ರಿಗೆ ಹತ್ತಿರವಿರಬೇಕು. ತೀರ ಕಿರಿದಾದರೆ ದಿಕ್ಕಿನ ಸಣ್ಣ ತಪ್ಪೂ ನಕ್ಷೆಯಲ್ಲಿ ದೂರ ಒಯ್ಯುತ್ತದೆ. ಎರಡನೇ ಗೆರೆ ಎಳೆಯುವಷ್ಟರಲ್ಲಿ ನಾಯಿಗಳೇ ಜಾಗ ಬಿಟ್ಟಿರುವುದೂ ಉಂಟು! ಕಣಿವೆಗಿಳಿದರೆ ಸದ್ದೇ ಇಲ್ಲ. ಚಳಿಗಾಲದಲ್ಲಿ (ಅಲ್ಲಿ ಜೂನ್, ಜುಲೈ ಹೊತ್ತು) ಮರಿ ಹಾಕಿದಾಗ ಗುಂಪು ಬಿಲದ ಸುತ್ತಲೇ ಇರುವುದರಿಂದ ಹುಡುಕುವುದು ಸುಲಭ, ಆದರೆ ಬಿಲದ ಬಳಿ ಸುಳಿಯಬಾರದು. ತೊಂದರೆ ಕೊಟ್ಟರೆ ಮರಿಗಳನ್ನು ಬೇರೆಡೆಗೆ ಸಾಗಿಸಿಬಿಡುತ್ತವೆ.

ಈ ಕೈಗೆಲಸ ಕೂರುವುದಕ್ಕೇ ಒಂದು ವಾರ ಬೇಕು. ಕನಿಷ್ಠ ಅವಧಿ ಎರಡು ವಾರ. ನಾಲ್ಕು ವಾರ ಇರಲಾಗದಿದ್ದರೆ ಕಲಿತದ್ದು ಕೆಲಸಕ್ಕೆ ಬರುವ ಮೊದಲೇ ವಾಪಸಾಗುತ್ತೀರಿ.

ಘೇಂಡಾಮೃಗದ ಗುರುತು ಅದಕ್ಕೆಂದೇ ಕಿವಿಯಂಚಿನಲ್ಲಿ ಕತ್ತರಿಸಿದ ಕಚ್ಚುಗಳಲ್ಲಿದೆ. ಕಳ್ಳಬೇಟೆಯ ಭಯಕ್ಕೆ 2024ರಲ್ಲಿ ಇಲ್ಲಿನ ಘೇಂಡಾಮೃಗಗಳ ಕೊಂಬು ಕತ್ತರಿಸಲಾಯಿತು. ಫೋನಿನ ಲೊಕೇಶನ್ ಬಂದ್ ಮಾಡದೆ ಅವುಗಳ ಫೋಟೋ ತೆಗೆಯಬೇಡಿ. ಜಾಗದ ಹೆಸರು ಎಲ್ಲೂ ಹಾಕಬೇಡಿ.

ಪ್ರಾಣಿಯನ್ನು ಮುದ್ದಿಸಲು ಇಲ್ಲಿ ಸಿಗುವುದಿಲ್ಲ, ಯೋಜನೆ ಸಾಚಾ ಅನ್ನುವುದಕ್ಕೆ ಅದೇ ಗುರುತು. ಸಿಂಹದ ಮರಿಗೆ ಬಾಟಲಿ ಹಾಲು ಕುಡಿಸಲು ಕರೆಯುವ ಕಡೆಗೆ ಕಾಲಿಡಬೇಡಿ. ಅಂಥ ಮರಿಗಳು ಬೆಳೆದ ಮೇಲೆ ಬೇಲಿಯೊಳಗಿನ ಬೇಟೆಗೆ ಮಾರಾಟವಾಗುವುದುಂಟು.

ಜೂನ್, ಜುಲೈ ನಸುಕಿನಲ್ಲಿ ತೆರೆದ ಗಾಡಿಯ ಹಿಂದೆ ಕೂತರೆ ಕೈ ಮರಗಟ್ಟುತ್ತದೆ: ಕೈಗವಸು, ಟೋಪಿ, ಗಾಳಿ ತಡೆಯುವ ಜಾಕೆಟ್ ಇರಲಿ. ಸಂಜೆ ಸ್ನಾನಕ್ಕೆ ಮುಂಚೆ ಕಂಕುಳು, ಸೊಂಟದಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಚ್ಚಿಕೊಂಡಿದೆಯೇ ನೋಡಿಕೊಳ್ಳಿ. ಆಡಿಸ್ ಅಬಾಬಾ, ನೈರೋಬಿ ಮೂಲಕ ಹೋಗುವವರು ನಿಲುಗಡೆ 12 ಗಂಟೆ ಮೀರಿದರೆ ಹಳದಿ ಜ್ವರದ ಲಸಿಕೆಯ ಚೀಟಿ ತೋರಿಸಬೇಕು. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಅದಕ್ಕೆ ಬೆಲೆ.