ಏಜೆಂಟ್‌ಕಿಟ್: ಎಐ ಕೈಗೆ ಕ್ರಿಪ್ಟೋ ವಾಲೆಟ್ ಒಪ್ಪಿಸುವ ಮುನ್ನ

ಕ್ರಿಪ್ಟೋ ವಿನಿಮಯ ಕಂಪನಿಯಾದ ಕಾಯಿನ್‌ಬೇಸ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಹೊರತಂದ ಏಜೆಂಟ್‌ಕಿಟ್ ಎಂಬ ಓಪನ್ ಸೋರ್ಸ್ ತಂತ್ರಾಂಶವು ಬ್ಯಾಲೆನ್ಸ್ ನೋಡುವುದು, ಟೋಕನ್ (ಡಿಜಿಟಲ್ ನಾಣ್ಯ) ವರ್ಗಾಯಿಸುವುದು ಮುಂತಾದ ಕೆಲಸಗಳನ್ನು ಎಐ ಏಜೆಂಟ್ (ಒಪ್ಪಿಸಿದ ಕೆಲಸವನ್ನು ತಾನಾಗಿ ನಡೆಸುವ ಎಐ ಪ್ರೋಗ್ರಾಂ) ತಾನೇ ಮಾಡುವಂತೆ, ಕ್ರಿಪ್ಟೋ ಹಣವನ್ನು ನಿರ್ವಹಿಸುವ ವಾಲೆಟ್ಟನ್ನು ಅದಕ್ಕೆ ಜೋಡಿಸುತ್ತದೆ. ಪೈಥಾನ್ ಅಥವಾ ಟೈಪ್‌ಸ್ಕ್ರಿಪ್ಟ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಜೋಡಣೆ ಕಷ್ಟವಲ್ಲ. ನಿಜವಾದ ಹಣ ತೊಡಗಿಸದೆ, ಬೇಸ್ ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ ಬೆಲೆಯಿಲ್ಲದ ಟೋಕನ್‌ಗಳನ್ನು ಪಡೆದು ಎಲ್ಲವನ್ನೂ ಪ್ರಯೋಗಿಸಿ ನೋಡಬಹುದೆಂಬುದು ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ. ಆದರೆ ಏಜೆಂಟ್ ಓದುವ ಯಾವುದೋ ಪುಟದಲ್ಲಿ ಅಡಗಿಸಿಟ್ಟ ಸೂಚನೆಯೊಂದು ಅದನ್ನು ದಾರಿ ತಪ್ಪಿಸಬಹುದು, ಮತ್ತು ಕ್ರಿಪ್ಟೋ ವಹಿವಾಟುಗಳು ದಾಖಲಾಗುವ ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದೃಢಪಟ್ಟ ವರ್ಗಾವಣೆಯನ್ನು ರದ್ದುಪಡಿಸಲು ಬರುವುದಿಲ್ಲ. ಆದ್ದರಿಂದ ಮುಖ್ಯ ವಾಲೆಟ್ಟಿನ ಸೀಡ್ ಪದಗಳನ್ನು (ವಾಲೆಟ್ಟಿನ ಪೂರ್ಣ ನಿಯಂತ್ರಣ ಕೊಡುವ ರಹಸ್ಯ ಪದಗಳನ್ನು) ಏಜೆಂಟಿಗೆ ಎಂದಿಗೂ ಕೊಡದೆ, ಅಲ್ಪ ಮೊತ್ತದ ಪ್ರತ್ಯೇಕ ವಾಲೆಟ್ ಇರಿಸಿ, ಪ್ರತಿ ವರ್ಗಾವಣೆಗೂ ನಿಮ್ಮ ಒಪ್ಪಿಗೆಯನ್ನು ಕೇಳುವ ಹಂತವನ್ನು ನೀವೇ ಸೇರಿಸಿಕೊಳ್ಳುವುದಾದರೆ ಮಾತ್ರ ಇದನ್ನು ಬಳಸಿ ಎಂದು ಹೇಳುತ್ತೇನೆ.